ಹುತ್ತರಿಗೆ ಮುಂಚಿನ ಮೇಲ್ಗಾಳಿ

ಸೋರುವ ಬಲೂನು ಕಾಗದದ ಮೇಲೆ ಬಿರುಗಾಳಿ ಎಬ್ಬಿಸುತ್ತದೆ. ಮೇಲ್ಗಾಳಿ ಅಳೆಯುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಆಣೆ ಮಾಡಿ ಹೇಳಬಹುದಾದ ಮಾತು ಇದೊಂದೇ. ಉಳಿದದ್ದೆಲ್ಲ ನೆನಪಿನಿಂದ ಬರೆಯುತ್ತಿರುವುದು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವನು ನಾನು. ಯಾರಾದರೂ ಕಣ್ಣಾರೆ ಕಂಡೆ ಎಂದರೆ ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ಎಂದು ಕೇಳುವ ಕೆಟ್ಟ ಚಾಳಿ ಅಲ್ಲಿಂದಲೇ ಅಂಟಿದ್ದು. ಈಗ ನನ್ನನ್ನೇ ಹಾಗೆ ಕೇಳಿಕೊಳ್ಳುವ ಕಾಲ ಬಂದಿದೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವಿದೆ ಎಂದೇ ಬರೆಯುತ್ತೇನೆ.

ಕೊಡಗು ಆಗ ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ. ಗಾಳಿ ಜೋರಾಗಿದ್ದ ದಿನ ನಾವು ಬಿಟ್ಟ ಬಲೂನು ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ರಾಜ್ಯದ ಗಡಿ ದಾಟುತ್ತಿತ್ತು. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಒಂದು ಬೋಳು ದಿಣ್ಣೆಯ ಮೇಲೆ ನಮ್ಮ ತಾತ್ಕಾಲಿಕ ಕೇಂದ್ರ. ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಜಲಜನಕ ತಯಾರಿಸುವ ಕಬ್ಬಿಣದ ಪಾತ್ರೆ, ಹೊರಗೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ತಿಯೊಡೊಲೈಟು. ಇದು ದುರ್ಬೀನು ಕೂರಿಸಿದ, ಕೋನ ಅಳೆಯುವ ಯಂತ್ರ. ಇದ್ದವರು ಮೂವರು: ಉಸ್ತುವಾರಿ ಅಧಿಕಾರಿ ಶಾಮರಾಯರು, ಮಾಕುಟ್ಟದ ಕಡೆಯಿಂದ ಬಂದಿದ್ದ ಸಹಾಯಕ ಕುಟ್ಟನ್, ಮತ್ತು ನಾನು. ನಾನು ಕುಶಾಲನಗರದ ಹತ್ತಿರದವನು. ನಮ್ಮ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನ. ಹಾಗಾಗಿ ದಿಣ್ಣೆಯ ಕೆಳಗಿನ ಊರಿಗೆ ನಾನೂ ಒಂದು ಥರದ ಹೊರಗಿನವನೇ.

ಕೆಲಸ ಹೇಳಲು ಸುಲಭ. ಬಲೂನಿಗೆ ಜಲಜನಕ ತುಂಬಿ ಬಿಡುವುದು. ಒಬ್ಬ ದುರ್ಬೀನಿನಲ್ಲಿ ಅದನ್ನು ಹಿಂಬಾಲಿಸುತ್ತಾ ನಿಮಿಷಕ್ಕೊಮ್ಮೆ ಎರಡು ಕೋನ ಕೂಗುವುದು, ಇನ್ನೊಬ್ಬ ಗಡಿಯಾರ ಹಿಡಿದು ಬರೆದುಕೊಳ್ಳುವುದು. ಬಲೂನು ಒಂದೇ ವೇಗದಲ್ಲಿ ಏರುತ್ತದೆ ಎಂದು ನಂಬಿ, ಕಳೆದ ಹೊತ್ತಿನಿಂದ ಎತ್ತರ ತೆಗೆಯುವುದು. ಎತ್ತರ, ಕೋನ ಎರಡರಿಂದ ದೂರ ತೆಗೆಯುವುದು. ದೂರ ಹೇಗೆ ಬದಲಾಯಿತು ಎಂಬುದರಿಂದ ಗಾಳಿಯ ವೇಗ. ಎಲ್ಲವೂ ನಿಂತಿರುವುದು ಆ ಮೊದಲ ನಂಬಿಕೆಯ ಮೇಲೆ. ಬಲೂನಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅದು ಏರುವುದು ನಿಧಾನವಾಗುತ್ತದೆ, ಇರಬೇಕಾದ್ದಕ್ಕಿಂತ ಕೆಳಗೆ ಕಾಣುತ್ತದೆ. ನಮ್ಮ ಲೆಕ್ಕ ಅದನ್ನು ತಪ್ಪು ತಿಳಿದು, ಓಹೋ, ದೂರ ಹೋಗಿರುವುದರಿಂದ ಕೆಳಗೆ ಕಾಣುತ್ತಿದೆ ಎಂದು ಭಾವಿಸುತ್ತದೆ. ಆಗ ಎಲ್ಲೂ ಇಲ್ಲದ ಬಿರುಗಾಳಿ ಕಾಗದದ ಮೇಲೆ ಬೀಸುತ್ತದೆ. ಈಗ ಬಲೂನಿಗೆ ಕಟ್ಟಿದ ಯಂತ್ರವೇ ತಾನೆಲ್ಲಿದ್ದೇನೆ ಎಂದು ಹೇಳಿಕೊಳ್ಳುತ್ತದಂತೆ. ನಮ್ಮದಕ್ಕೆ ಬಾಯಿರಲಿಲ್ಲ.

ಕಣ್ಣಿನ ಮೋಸ ಬೇರೆ. ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಬಲೂನು ಕಣ್ತಪ್ಪಿತು. ಹುಡುಕಿದೆ, ಬಿಳಿ ಚುಕ್ಕೆ ಮತ್ತೆ ಸಿಕ್ಕಿತು, ಉತ್ಸಾಹದಿಂದ ಕೋನ ಕೂಗುತ್ತಾ ಹೋದೆ. ಬರೆದದ್ದನ್ನು ನೋಡಿದರೆ ಎರಡು ಕೋನವೂ ನಿಂತಲ್ಲೇ ನಿಂತಿವೆ. ಇಡೀ ಆಕಾಶ ಸ್ತಬ್ಧ. ರಾಯರು ಕಾಗದ ನೋಡಿದರು, ಹೊರಗೆ ಬಂದು ಬರಿಗಣ್ಣಿನಲ್ಲಿ ನೋಡಿದರು, ಮತ್ತೆ ಒಳಗೆ ಹೋಗುತ್ತಾ, ಇವರೇ, ಶುಕ್ರಗ್ರಹದಲ್ಲಿ ಇವತ್ತು ಗಾಳಿ ಇಲ್ಲವಂತೆ, ಬರೆದುಕೊಳ್ಳಿ ಎಂದರು. ಹಗಲಲ್ಲಿ ಶುಕ್ರ ಕಾಣುತ್ತದೆ ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಈ ಸುದ್ದಿ ಕುಟ್ಟನ್ ಬಾಯಿಂದ ಸಂಜೆಯೊಳಗೆ ಕೆಳಗಿನ ಊರಿಗೆ ಮುಟ್ಟಿತು.

ಇನ್ನೊಮ್ಮೆ ಕೈಲ್ ಮುಹೂರ್ತದ ದಿನ. ಕೋವಿಗಳಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ಮಳೆಗಾಲದ ಮೋಡ ಅಪರೂಪಕ್ಕೆ ಬಿರಿದಿತ್ತು, ಬಲೂನು ಬಿಟ್ಟೆವು. ಮರಗಳ ತಲೆ ದಾಟುವಷ್ಟರಲ್ಲಿ ಕೆಳಗಿನಿಂದ ಒಂದು ಗುಂಡು, ಮೇಲೆ ಒಂದು ಬೆಂಕಿಯ ಪುಟ್ಟ ಉಂಡೆ. ಹೊಡೆದವನು ನಗುತ್ತಾ ದಿಣ್ಣೆ ಹತ್ತಿ ಬಂದು, ಕಾಯಿಗಿಂತ ಇದು ಸುಲಭ ಸಾರ್, ಇನ್ನೂ ಚಿಕ್ಕದು ಬಿಡಿ ಎಂದ. ರಾಯರು ಶೆಡ್ಡಿಗೆ ಹೋಗಿ ಇನ್ನೊಂದು ಬಲೂನು ತುಂಬಿಸಿದರು.

ಇಷ್ಟು ಹೇಳಿದ್ದು ಏಕೆಂದರೆ, ಮುಂದಿನದನ್ನು ಓದುವಾಗ ನಮ್ಮ ಕಣ್ಣಿಗೂ ನಮ್ಮ ಬಲೂನಿಗೂ ಎಷ್ಟು ಮರ್ಯಾದೆ ಕೊಡಬೇಕು ಎಂಬುದು ನಿಮಗೆ ಗೊತ್ತಿರಲಿ.

ನನ್ನ ವಾಸ ದಿಣ್ಣೆಯ ಕೆಳಗೆ, ಬೆಳ್ಯಪ್ಪಣ್ಣನ ಮನೆಯ ಹೊರಕೋಣೆಯಲ್ಲಿ. ಅರೆಭಾಷೆ ಮಾತಾಡುವ ಗೌಡರ ಮನೆ. ತಮ್ಮೊಳಗೆ ಅರೆಭಾಷೆ, ನನ್ನೊಡನೆ ಕನ್ನಡ, ಕುಟ್ಟನ್ ಬಂದರೆ ಮುರುಕು ಮಲಯಾಳ. ಮನೆಗೆ ಇದ್ದದ್ದು ಒಂದೇ ಗದ್ದೆಯ ಸಾಲು, ಹಳ್ಳದ ಬದಿಯಿಂದ ಇಳಿಜಾರಿನ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ. ವರ್ಷದ ಅನ್ನ ಅದರಿಂದಲೇ. ಕಾಫಿ ಗಿಡಗಳು ಇನ್ನೂ ಎಳೆಯವು, ಫಸಲು ಕೊಡುವಷ್ಟು ಬೆಳೆದಿರಲಿಲ್ಲ. ಬೆಳ್ಯಪ್ಪಣ್ಣ ನನ್ನನ್ನು ಬಲೂನು ಮೇಷ್ಟ್ರೇ ಎಂದು ಕರೆಯುತ್ತಿದ್ದ. ಪ್ರತಿ ಸಂಜೆ ಕೈಕಾಲು ತೊಳೆದು ಜಗಲಿಗೆ ಬಂದು ಕೂತು, ಇವತ್ತು ಮೇಲೆ ಎಂಥ ಉಂಟು ಎಂದು ಕೇಳುವುದು ಅವನ ಪದ್ಧತಿ. ನಾನು ಏನೋ ಹೇಳುತ್ತಿದ್ದೆ, ಅವನು ಹೂಂಗುಟ್ಟುತ್ತಿದ್ದ. ಅದು ಕಥೆ ಕೇಳುವ ಹಾಗೆ, ಅಷ್ಟೇ.

ಆ ವರ್ಷ ಹೊಸಕ್ಕಿಯ ಹಬ್ಬ ಹುತ್ತರಿ ತಡವಾಗಿತ್ತು, ಪೈರು ಬೇಗ ಮಾಗಿತ್ತು. ಕಕ್ಕಬ್ಬೆಯ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಜೋಯಿಸರು ಇಟ್ಟ ಗಳಿಗೆ ಬರುವ ತನಕ ಗದ್ದೆಗೆ ಕತ್ತಿ ಮುಟ್ಟಿಸುವಂತಿಲ್ಲ. ಆ ಗಳಿಗೆಯಲ್ಲಿ ಮೊದಲ ಕದಿರು ತೆಗೆದು ಮನೆ ತುಂಬಿಸಿಕೊಂಡ ಮೇಲೆಯೇ ಕೊಯ್ಲು. ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಿಗ್ಗೆ ಚಳಿ, ಮಧ್ಯಾಹ್ನ ಒಣ ಬಿಸಿಲು, ತೆನೆಗಳು ತಮ್ಮ ಭಾರಕ್ಕೆ ಬಾಗಿ ನಿಂತಿದ್ದವು. ಹಬ್ಬಕ್ಕೆ ಇನ್ನೂ ಏಳೆಂಟು ದಿನವಿದ್ದಾಗ ನಾವು ಬಿಟ್ಟ ಬಲೂನು ಹುಚ್ಚು ಹಿಡಿದ ಹಾಗೆ ಓಡಿತು.

ಆ ತಿಂಗಳಲ್ಲಿ ನಮ್ಮ ನೆತ್ತಿಯ ಮೇಲೆ, ಎಷ್ಟೇ ಎತ್ತರಕ್ಕೆ ಹೋದರೂ, ಗಾಳಿ ಸೋಮಾರಿ. ಹೆಚ್ಚಾಗಿ ಮೂಡಣದಿಂದ ಮೆಲ್ಲಗೆ ಬರುತ್ತದೆ. ಆ ದಿನ ಮೂವತ್ತು ಸಾವಿರ ಅಡಿ ದಾಟಿದ ಮೇಲೆ ಬಲೂನು ತಿರುಗಿ ಮೂಡಣಕ್ಕೇ ಧಾವಿಸಿತು. ಪಡುವಣ ಗಾಳಿ. ನಾನು ದುರ್ಬೀನಿನ ತಿರುಪು ತಿರುಗಿಸುವಷ್ಟರಲ್ಲಿ ಅದು ಚೌಕಟ್ಟಿನ ಅಂಚಿಗೆ ಜಾರುತ್ತಿತ್ತು. ಬರೆದುಕೊಳ್ಳುತ್ತಿದ್ದ ಕುಟ್ಟನ್ ಪೆನ್ಸಿಲು ಎತ್ತಿ, ಸಾರೇ, ಶರಿಯಾಗಿ ನೋಡಿ ಹೇಳಿ ಎಂದ. ಸರಿಯಾಗಿಯೇ ನೋಡಿದ್ದೆ. ಹಾಗೆಂದು ಈಗ ನೆನಪು.

ಜೆಟ್ ಪ್ರವಾಹ ಎಂಬ ಮಾತು ಆಗ ಹೊಸದು. ಯುದ್ಧದಲ್ಲಿ ಬಹಳ ಎತ್ತರದಲ್ಲಿ ಹಾರಿದ ವಿಮಾನಗಳು ಎದುರುಗಾಳಿಗೆ ಸಿಕ್ಕಿ ನಿಂತಲ್ಲೇ ನಿಂತ ಹಾಗಾದ ಮೇಲೆ ಜನ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದರು. ನಾನು ಓದಿ ಅರ್ಥ ಮಾಡಿಕೊಂಡದ್ದು ಹೀಗೆ. ಏಳೆಂಟು ಮೈಲಿ ಮೇಲೆ, ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಅಕ್ಕಪಕ್ಕ ಬರುವ ಗಡಿಯಲ್ಲಿ, ಪಡುವಣದಿಂದ ಮೂಡಣಕ್ಕೆ ಒಂದು ಹೊಳೆ ಹರಿಯುತ್ತದೆ. ಅಗಲ ನೂರಾರು ಮೈಲಿ, ದಪ್ಪ ಒಂದೆರಡು ಮೈಲಿ. ಹೊಳೆಯ ನಡುವೆ ವೇಗ, ಅಂಚಿಗೆ ಬಂದಂತೆ ನಿಧಾನ. ಆದರೆ ಅದು ನೀರಿನ ಹೊಳೆಯಂತೆ ತನ್ನ ಪಾಡಿಗೆ ಹರಿದು ಹೋಗುವುದಿಲ್ಲ. ಎಲ್ಲಿ ಅದು ವೇಗ ಕೂಡಿಸಿಕೊಳ್ಳುತ್ತದೋ ಅಲ್ಲಿ, ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗಡೆ, ಮೇಲಿನ ಗಾಳಿ ಚದುರಿ ಹೋಗುತ್ತದೆ. ಆ ಜಾಗ ತುಂಬಲು ಕೆಳಗಿನ ಗಾಳಿ ಏರುತ್ತದೆ. ಏರಿದ ಗಾಳಿಯಲ್ಲಿ ತೇವವಿದ್ದರೆ ಮಳೆ. ಎಡಗಡೆ ಇದಕ್ಕೆ ತಿರುಗಾಮುರುಗಾ, ಗಾಳಿ ಇಳಿದು ಆಕಾಶ ಬರಿದಾಗುತ್ತದೆ. ಹೊಳೆ ವೇಗ ಕಳೆದುಕೊಳ್ಳುವ ಕಡೆ ಈ ಎಡಬಲಗಳು ಅದಲುಬದಲು.

ಚಳಿಗಾಲದಲ್ಲಿ ಆ ಹೊಳೆ ಇರುವುದು ಹಿಮಾಲಯದ ಆಸುಪಾಸಿನಲ್ಲಿ. ನಮ್ಮ ಬಲೂನು ಹೇಳುತ್ತಿದ್ದುದು ನಿಜವಾದರೆ ಅದು ಬಾಗಿ ದಕ್ಷಿಣಕ್ಕೆ ಬಂದಿದೆ, ನಾವು ಅದರ ತೆಂಕಣ ಅಂಚಿನಲ್ಲಿದ್ದೇವೆ, ಅಂದರೆ ಬಲಗಡೆ. ಅಲ್ಲಿ ಹೊಳೆ ವೇಗ ಕೂಡಿಸಿಕೊಳ್ಳುತ್ತಿದೆಯೋ ಕಳೆದುಕೊಳ್ಳುತ್ತಿದೆಯೋ? ಒಂದೇ ಜಾಗದಲ್ಲಿ ನಿಂತು ನೋಡುವವನಿಗೆ ಅದು ತಿಳಿಯುವಂತಿಲ್ಲ. ಇನ್ನೆರಡು ಕೇಂದ್ರಗಳ ಲೆಕ್ಕ ಬೇಕು. ನಮಗೆ ಬರುತ್ತಿದ್ದುದು ಮುನ್ಸೂಚನೆ ಕಚೇರಿಯ ತಂತಿ ಮಾತ್ರ. ಅದರಲ್ಲಿ ಒಣಹವೆ ಎಂದಿತ್ತು.

ರಾಯರು ಲೆಕ್ಕ ನೋಡಿ, ಬಲೂನು ಸೋರಿದೆ ಎಂದರು. ಆ ಅಂಕಿಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಚೇರಿಗೆ ಕಳಿಸಿದರು. ಅವರು ದಡ್ಡರಲ್ಲ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮರುದಿನ ಪರೀಕ್ಷೆಗೆಂದು ಬಲೂನಿಗೆ ಉದ್ದದ ಕಾಗದದ ಬಾಲ ಕಟ್ಟಿ ಬಿಟ್ಟೆವು. ಬಾಲದ ಉದ್ದ ಗೊತ್ತಿದ್ದರೆ, ದುರ್ಬೀನಿನಲ್ಲಿ ಅದೆಷ್ಟು ಗಿಡ್ಡವಾಗಿ ಕಾಣುತ್ತದೆ ಎಂಬುದರಿಂದ ನಿಜವಾದ ದೂರ ಸಿಗುತ್ತದೆ, ಸೋರಿಕೆಯ ಮಾತೇ ಬರುವುದಿಲ್ಲ. ಆದರೆ ಮುಖ್ಯವಾದ ಎತ್ತರ ತಲುಪುವ ಮೊದಲೇ ಬಾಲ ಕಾಣದಷ್ಟು ಚಿಕ್ಕದಾಯಿತು. ಆಮೇಲೆ ಬಲೂನು ಹಿಂದಿನ ದಿನದಂತೆಯೇ ಮೂಡಣಕ್ಕೆ ಓಡಿತು. ಎರಡು ದಿನ ಎರಡು ಬಲೂನು ಒಂದೇ ರೀತಿ ಸೋರುತ್ತವೆಯೇ ಎಂದು ಕೇಳಿದೆ. ಒಂದೇ ಪೆಟ್ಟಿಗೆಯ ಬಲೂನುಗಳು ಸೋರಬಹುದು ಎಂದರು ರಾಯರು. ಆ ಪೆಟ್ಟಿಗೆ ಹಳೆಯದಿತ್ತು.

ಮಧ್ಯಾಹ್ನ ಆಕಾಶದಲ್ಲಿ ಕೆಲವು ಬಿಳಿ ಎಳೆಗಳು ಕಂಡವು. ಬಹಳ ಎತ್ತರದ, ಹಿಂಜಿದ ಹತ್ತಿಯಂಥ ಮೋಡ. ಎಳೆಗಳೆಲ್ಲ ಒಂದೇ ದಿಕ್ಕಿಗೆ ಬಾಚಿದ ಹಾಗಿದ್ದವು, ನೋಡುತ್ತಿದ್ದಂತೆ ಸರಿಯುತ್ತಿದ್ದವು. ನೈಋತ್ಯದಿಂದ ಬಂದವು ಎಂದು ನನ್ನ ನೆನಪು. ಕುಟ್ಟನ್ ಮಾತ್ರ ಸಾಯುವ ತನಕ ವಾಯವ್ಯದಿಂದ ಎಂದೇ ಹೇಳುತ್ತಿದ್ದ. ಇಬ್ಬರಲ್ಲಿ ಒಬ್ಬರು ತಪ್ಪು. ಬರೆದಿಡಬೇಕಿತ್ತು, ಇಟ್ಟಿಲ್ಲ.

ವೀಕ್ಷಕರು ಸಾರ್ವಜನಿಕರಿಗೆ ಮುನ್ಸೂಚನೆ ಹೇಳುವಂತಿಲ್ಲ ಎಂಬುದು ಇಲಾಖೆಯ ನಿಯಮ. ಒಳ್ಳೆಯ ನಿಯಮ. ಆ ಸಂಜೆ ಜಗಲಿಯಲ್ಲಿ ಬೆಳ್ಯಪ್ಪಣ್ಣ ಎಂದಿನಂತೆ ಕೇಳಿದಾಗ ಏನೂ ಇಲ್ಲ ಎಂದುಬಿಡಬೇಕೆಂದಿದ್ದೆ. ಎದುರಿಗೆ ಗದ್ದೆ ಇತ್ತು, ಸಂಜೆಬೆಳಕಿನಲ್ಲಿ ಕೆಂಪಗೆ. ಮೇಲೆ ಗಾಳಿ ಬದಲಾಗಿದೆ ಎಂದೆ. ಬದಲಾದರೆ ಎಂಥ ಎಂದ. ಮಳೆಯ ಸಾಧ್ಯತೆ ಇಲ್ಲವೆನ್ನಲಾಗದು, ಖಚಿತವಾಗಿ ಹೇಳಲು ಆಧಾರ ಸಾಲದು, ಅಧಿಕಾರಿಗಳು ಒಪ್ಪಿಲ್ಲ, ಬಲೂನು ಸೋರಿದ್ದರೂ ಸೋರಿರಬಹುದು ಎಂದೆಲ್ಲ ಹೇಳಿದೆ. ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಗಂಗಮ್ಮಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

ಬೆಳ್ಯಪ್ಪಣ್ಣ ಮೊದಲು ನಕ್ಕ. "ಶುಕ್ರನ ಊರಿಗೆ ಹೋಗಿ ಬಂದದ್ದಲ್ವಾ ನಿಮ್ಮ ಬಲೂನು? ಅಲ್ಲಿ ಮಳೆ ಇರ್ಬೇಕು."

ಗಂಗಮ್ಮಕ್ಕ ನಗಲಿಲ್ಲ. ಈ ಪೈರು ಒಮ್ಮೆ ಮಲಗಿದರೆ ನೀರಲ್ಲೇ ಮೊಳಕೆ ಬರುತ್ತದೆ, ಮತ್ತೆ ಯಾವ ಕದಿರು ತೆಗೆದು ಮನೆ ತುಂಬಿಸಿಕೊಳ್ಳುವುದು ಎಂದು ಗಂಡನನ್ನು ಕೇಳಿದಳು. ಅವರ ಮಾತು ಅರೆಭಾಷೆಗೆ ತಿರುಗಿತು, ವೇಗವಾಯಿತು, ನನಗೆ ಅರ್ಧ ತಿಳಿಯಲಿಲ್ಲ. ನಡುವೆ ಬಾಯಿ ಹಾಕಿ, ನಮಗೆ ಹುತ್ತರಿಯ ಕಟ್ಟುಪಾಡಿಲ್ಲ, ಕುಶಾಲನಗರದಿಂದ ನಮ್ಮ ಕಡೆಯ ಆಳುಗಳನ್ನು ಕರೆಸಿ ಕೊಯ್ಯಿಸಿದರೆ ಆಗದೇ ಎಂದೆ. ಬುದ್ಧಿವಂತಿಕೆಯ ಮಾತು ಎಂದುಕೊಂಡಿದ್ದೆ.

"ಕತ್ತಿ ನಿಮ್ಮದಾದ್ರೆ ಆಯ್ತಾ ಮೇಷ್ಟ್ರೇ?" ಎಂದ ಬೆಳ್ಯಪ್ಪಣ್ಣ. "ಗದ್ದೆ ನಂದಲ್ವಾ?"

ಕೊಯ್ಯಬಾರದು, ಆದರೆ ಕಟ್ಟಬಹುದು ಎಂದು ಕೊನೆಗೆ ಅವನೇ ಹೇಳಿದ. ನಾಲ್ಕೈದು ಬುಡಗಳ ಪೈರನ್ನು ನಿಂತ ಹಾಗೆಯೇ ಒಟ್ಟುಗೂಡಿಸಿ, ತೆನೆಯ ಕೆಳಗೆ ಬಾಳೆನಾರಿನಿಂದ ಕಟ್ಟಿದರೆ ಒಂದಕ್ಕೊಂದು ಆನಿಕೊಂಡು ನಿಲ್ಲುತ್ತವೆ, ಮಳೆಗೆ ಬೇಗ ಮಲಗುವುದಿಲ್ಲ. ಆದರೆ ಬಲಿತ ತೆನೆ ಮುಟ್ಟಿದರೆ ಕಾಳು ಉದುರುತ್ತದೆ. ಕಟ್ಟಿದ ತೆನೆಯ ಒಳಗೆ ಇಬ್ಬನಿ ಆರುವುದಿಲ್ಲ, ಬೂಸಲು ಹಿಡಿಯುತ್ತದೆ. ಮಳೆ ಬಾರದಿದ್ದರೆ ಕಟ್ಟಿದ್ದೇ ನಷ್ಟ.

"ನೀವು ಅರ್ಧ ಮಾತು ಹೇಳಿದ್ರಿ," ಎಂದ. "ನಾನು ಅರ್ಧ ಗದ್ದೆ ಕಟ್ಟುತ್ತೇನೆ."

ಯಾವ ಅರ್ಧ ಎಂಬುದನ್ನು ಅವನೇ ತೀರ್ಮಾನಿಸಿದ. ಕೆಳಗಿನ ಮಡಿಗಳಲ್ಲಿ ನೀರು ನಿಲ್ಲುತ್ತದೆ, ಅವನ್ನು ಕಟ್ಟುವುದು. ಮೇಲಿನವು ಇಳಿಜಾರು, ನೀರು ಹರಿದು ಹೋಗುತ್ತದೆ, ಬಿಡುವುದು. ನನ್ನನ್ನು ಕೇಳಲಿಲ್ಲ. ಏಳು ಮೈಲಿ ಮೇಲಿನ ಗಾಳಿಯ ಬಗ್ಗೆ ವಾದ ಮಾಡುತ್ತಿದ್ದವನಿಗೆ ಏಳು ಅಡಿ ಮೇಲೆ ಯಾವ ದಿಕ್ಕಿನಿಂದ ಬೀಸುತ್ತದೆಂದು ಗೊತ್ತಿರಲಿಲ್ಲ.

ಮರುದಿನವೆಲ್ಲ ಅವನ ಮನೆಯವರು ಬಾಗಿ ಕಟ್ಟಿದರು. ಕೆಲಸ ಮುಗಿಸಿ ನಾನೂ ಇಳಿದೆ. ಎಷ್ಟು ಮೆತ್ತಗೆ ಹಿಡಿದರೂ ಅಂಗೈಯಲ್ಲಿ ಕಾಳು ಉದುರುವುದು ತಿಳಿಯುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಬೆಳ್ಯಪ್ಪಣ್ಣ ಹಬ್ಬಕ್ಕೆ ಗದ್ದೆಗೆ ಜಡೆ ಹಾಕಿದ್ದಾನೆ, ಹೂ ಮುಡಿಸುವುದೊಂದು ಬಾಕಿ ಎಂಬ ಮಾತು ಊರೆಲ್ಲ ಹಬ್ಬಿತು. ಅವನು ಅದನ್ನು ಕೇಳಿಸಿಕೊಂಡೂ ತಲೆ ಎತ್ತಲಿಲ್ಲ.

ಆಮೇಲಿನ ದಿನ ಆಕಾಶ ಶುದ್ಧ ನೀಲಿ. ಬಿಳಿ ಎಳೆಗಳೂ ಇಲ್ಲ. ಬಲೂನು ಬಿಟ್ಟೆವು, ಅದು ಅರ್ಧ ಎತ್ತರದಲ್ಲೇ ಒಡೆದು ಹೋಯಿತು. ಇದೂ ಸೋರಿತೇ ಎಂಬಂತೆ ರಾಯರು ನನ್ನ ಮುಖ ನೋಡಿದರು. ಸಂಜೆ ಗಂಗಮ್ಮಕ್ಕ ಕಟ್ಟಿದ ಒಂದು ಕಂತೆಯೊಳಗೆ ಕೈ ಹಾಕಿ ತೆಗೆದು, ಒದ್ದೆಯಾದ ಬೆರಳುಗಳನ್ನು ನನಗೆ ತೋರಿಸಿದಳು. ಇಬ್ಬನಿ. ಒಳಗೆ ಆರಿಯೇ ಇರಲಿಲ್ಲ. ನಾಳೆ ಬಿಚ್ಚಿಬಿಡುತ್ತೇನೆ ಎಂದಳು. ಆ ದಿನ ಬೆಳ್ಯಪ್ಪಣ್ಣ ಜಗಲಿಗೆ ಬರಲೇ ಇಲ್ಲ. ಮೇಲೆ ಎಂಥ ಉಂಟು ಎಂದು ಕೇಳದ ಒಂದೇ ಸಂಜೆ ಅದು. ಒಬ್ಬನ ವರ್ಷದ ಅನ್ನದ ಮೇಲೆ ನನ್ನ ಲೆಕ್ಕವನ್ನು ಪರೀಕ್ಷೆಗೆ ಇಟ್ಟಿದ್ದೆ, ಅದೂ ಸೋರಿರಬಹುದಾದ ಬಲೂನಿನ ಲೆಕ್ಕ.

ಬೆಳಗಾಗುವಾಗ ಸೂರ್ಯನ ಸುತ್ತ, ಮಳೆಯ ಸೂಚನೆ ಎನ್ನುವ ಕೊಡೆಯಂಥ ಉಂಗುರವಿತ್ತು. ಗಂಗಮ್ಮಕ್ಕ ಗದ್ದೆಗೆ ಇಳಿದಳು, ಆ ಉಂಗುರ ನೋಡಿದಳು, ಬಿಚ್ಚದೆ ವಾಪಸು ಬಂದಳು. ಹೊತ್ತೇರಿದಂತೆ ಬಿಸಿಲು ಮಂಕಾಗಿ, ಮಧ್ಯಾಹ್ನಕ್ಕೆ ಆಕಾಶ ಬೂದಿಯಾಯಿತು. ನಾಲ್ಕು ಗಂಟೆಯ ಸುಮಾರಿಗೆ ಮೊದಲ ಹನಿ. ಆಮೇಲೆ ಹನಿಯಲ್ಲ, ಗಾಳಿಯೊಡನೆ ಓರೆಯಾಗಿ ಹೊಡೆಯುವ ಮಳೆ. ಗಾಳಿ ಇಳಿಜಾರಿನ ಮೇಲೆಯೇ ಬಂತು. ನೀರು ನಿಲ್ಲುವುದಿಲ್ಲವೆಂದು ಬಿಟ್ಟಿದ್ದ ಮೇಲಿನ ಮಡಿಗಳು ನಮ್ಮ ಕಣ್ಣೆದುರೇ, ಚಾಪೆ ಹಾಸಿದ ಹಾಗೆ, ಒಂದೊಂದಾಗಿ ಮಲಗಿದವು. ಕೆಳಗೆ ಕಟ್ಟಿದ ಕಂತೆಗಳು ತೂಗಾಡಿದವು, ಕೆಲವು ವಾಲಿದವು, ಹೆಚ್ಚಿನವು ನಿಂತವು. ಮಳೆ ಮರುದಿನ ಬೆಳಗಿನ ತನಕ ಬಿತ್ತು. ಊರಿನ ಬೇರೆ ಗದ್ದೆಗಳಲ್ಲಿ ನಿಂತ ಪೈರು ಕಾಣಲಿಲ್ಲ. ಜಡೆಯ ಮಾತು ಮತ್ತೆ ಯಾರೂ ಆಡಲಿಲ್ಲ.

ಆ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವಿತ್ತು ಎಂದು ಆಮೇಲೆ ತಿಳಿಯಿತು. ಮೇಲಿನ ಹೊಳೆ ಇರದಿದ್ದರೂ ಅದೊಂದರಿಂದಲೇ ಮಳೆ ಬರಬಹುದಿತ್ತು. ಹೊಳೆ ಮೇಲಿನಿಂದ ಗಾಳಿಯನ್ನು ಎತ್ತಿಕೊಟ್ಟದ್ದರಿಂದ ಆ ಕುಸಿತ ಬಲಿಯಿತು ಎಂದೂ ಹೇಳಬಹುದು. ಹಲವು ವರ್ಷ ಇದನ್ನು ಎರಡೂ ಕಡೆಯಿಂದ ವಾದಿಸಿ ನೋಡಿದ್ದೇನೆ. ಇನ್ನೂ ತೀರ್ಪು ಕೊಟ್ಟಿಲ್ಲ.

ಹಬ್ಬ ತನ್ನ ಗಳಿಗೆಗೆ ನಡೆಯಿತು. ಮೊದಲ ಕದಿರು ಕೆಳಗಿನ ಮಡಿಯಿಂದಲೇ ಬಂತು. ಮರುದಿನ ಬೆಳಿಗ್ಗೆ ಬಿಸಿಲಿತ್ತು, ಮನೆಯವರೆಲ್ಲ ನಾರು ಬಿಚ್ಚುತ್ತಾ ಕೊಯ್ಯುತ್ತಿದ್ದರು. ರಾಯರು ದಿಣ್ಣೆ ಇಳಿದು ಬದುವಿನ ಮೇಲೆ ಬಂದು ನಿಂತರು. ಬಹಳ ಹೊತ್ತು ಆ ಪೈರನ್ನು ನೋಡಿ, ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆ ತೆಗೆದುಬಿಡಬಹುದಲ್ಲವೇ ಎಂದು ನನ್ನನ್ನು ಕೇಳಿದರು. ಅವರಂಥವರು ಅಷ್ಟು ಹೇಳಿದ್ದು ದೊಡ್ಡದು.

"ಬೇಡ ಸಾರ್," ಎಂದೆ. "ಮಳೆ ಬಂತು ಅಂದಮಾತ್ರಕ್ಕೆ ಬಲೂನು ಸೋರಿರಲಿಲ್ಲ ಅಂತ ಆಗೋದಿಲ್ಲ."

ಬೆಳ್ಯಪ್ಪಣ್ಣ ಕತ್ತಿ ಹಿಡಿದೇ ಸೊಂಟ ನೆಟ್ಟಗೆ ಮಾಡಿದ. "ಹಾಗಾದ್ರೆ ನಿಮಗೆ ಈಗಲೂ ಗೊತ್ತಿಲ್ಲ?"

"ಇಲ್ಲ."

"ಮತ್ತೆ ಅವತ್ತು ಹೇಳಿದ್ದು ಎಂಥಕ್ಕೆ?"

ಹೊಳೆ, ಬಲಗಡೆ, ಏರುವ ಗಾಳಿ, ಎಲ್ಲ ಬಾಯಿಗೆ ಬಂದು ಹಿಂದೆ ಹೋಯಿತು. ರಾಯರು ಬೇರೆ ಎದುರಿಗಿದ್ದರು. "ನನಗೆ ಹೆದರಿಕೆ ಆಗಿತ್ತು ಬೆಳ್ಯಪ್ಪಣ್ಣ," ಎಂದೆ.

ಅವನು ಮೇಲಿನ ಮಡಿಗಳ ಕಡೆ ನೋಡಿದ. ಅಲ್ಲಿ ಗಂಗಮ್ಮಕ್ಕ ಕೆಸರಿನೊಳಗಿನಿಂದ ತೆನೆ ಒಂದೊಂದೇ ಎತ್ತಿ, ಮೊಳಕೆ ಬಂದದ್ದನ್ನು ಒಂದು ಕಡೆ, ಬಾರದ್ದನ್ನು ಒಂದು ಕಡೆ ಹಾಕುತ್ತಿದ್ದಳು.

"ಅದನ್ನೇ ಮೊದಲು ಹೇಳುದಲ್ವಾ ಮಾರಾಯ್ರೆ," ಎಂದ. "ಎಲ್ಲ ಗದ್ದೆನೂ ಕಟ್ತಿದ್ದೆ."